ಉಗುರಿಗೂ ಒಂದು ಸಂಖ್ಯೆ

ಕಾಲಿನ ಹೆಬ್ಬೆರಳ ಉಗುರು ಅಂಚಿನಲ್ಲಿ ಮಾಂಸದೊಳಕ್ಕೆ ಇಳಿದು ಕೀವು ಕಟ್ಟಿದರೆ ನಮ್ಮ ಮನೆಯಲ್ಲಿ ಅದಕ್ಕೂ ಉಗುರುಸುತ್ತು ಎಂದೇ ಹೆಸರು. ಕೈಬೆರಳಿಗೆ ಬಂದರೆ ನಿಂಬೆಹಣ್ಣಿಗೆ ತೂತು ಮಾಡಿ ಸಿಕ್ಕಿಸಿಕೊಂಡು ಕೂತರಾಯಿತು; ಕಾಲಿಗೆ ಬಂದರೆ ಅರಿಶಿನ, ಬಿಸಿ ಉಪ್ಪುನೀರು. ಇದರಿಂದ ಯಾರೂ ಸಾಯುವುದಿಲ್ಲವಲ್ಲ ಎಂದು ಎಲ್ಲರಿಗೂ ಧೈರ್ಯ. ಕುಂಟುತ್ತಲೇ ನೀರು ಸೇದಿದವರು, ಕುಂಟುತ್ತಲೇ ಪಂಕ್ತಿಗೆ ಬಡಿಸಿದವರು ಎಷ್ಟು ಮಂದಿಯೋ!

ಕಾಯಿಲೆಗಳ ಲೆಕ್ಕ ಶುರುವಾದದ್ದು ಸಾವಿನಿಂದ. ಹದಿನೇಳನೆಯ ಶತಮಾನದ ಲಂಡನ್ನಿನಲ್ಲಿ ಪ್ಲೇಗಿನ ಭಯಕ್ಕೆ ವಾರವಾರವೂ ಸತ್ತವರ ಪಟ್ಟಿ ಅಚ್ಚಾಗುತ್ತಿತ್ತು. ಹೆಣ ನೋಡಿ ಇಂಥದರಿಂದ ಸತ್ತರು ಎಂದು ಹೇಳುತ್ತಿದ್ದವರು ವೈದ್ಯರೆಂದುಕೊಂಡಿರಾ? ಅಲ್ಲ, ಪ್ರಮಾಣ ಮಾಡಿಸಿ ನೇಮಿಸಿದ ಮುದುಕಿಯರು. ಇಂಥ ಪಟ್ಟಿಗಳನ್ನೆಲ್ಲ ಕೂಡಿಸಿ ಜಾನ್ ಗ್ರಾಂಟ್ ಎಂಬ ಬಟ್ಟೆಬರೆಯ ವ್ಯಾಪಾರಿ 1662ರಲ್ಲಿ ಒಂದು ಪುಸ್ತಕ ಬರೆದ. ಅದರಲ್ಲಿ ಕೊಟ್ಟಿರುವ 1632ರ ಪಟ್ಟಿಯಲ್ಲಿ 'ಹಲ್ಲು' ಒಂದು ಕಾರಣ, 'ದುಃಖ' ಇನ್ನೊಂದು. ದುಃಖದಿಂದ ಸತ್ತವರು 11 ಜನ! ಈ ಮುದುಕಿಯರು ಒಂದು ಲೋಟ ಬಿಯರಿಗೋ ಚಿಲ್ಲರೆ ಕಾಸಿಗೋ ಮರುಳಾಗಿ ಮರ್ಯಾದೆಗೇಡಿನ ರೋಗಗಳನ್ನು ಮುಚ್ಚಿಡುತ್ತಾರೆಂದು ಗ್ರಾಂಟ್ ದೂರುತ್ತಾನೆ. ಇರಬಹುದು. ಆದರೆ ಪ್ಲೇಗಿನ ಮನೆಯೊಳಗೆ ಕಾಲಿಟ್ಟವರು ಅವರು, ಅವನಲ್ಲ. ಅವರಿಲ್ಲದಿದ್ದರೆ ಅವನ ಪುಸ್ತಕವೆಲ್ಲಿರುತ್ತಿತ್ತು?

ಆಮೇಲೆ ಈ ಕೆಲಸಕ್ಕೆ ಕೈಹಾಕಿದವಳು ಫ್ಲಾರೆನ್ಸ್ ನೈಟಿಂಗೇಲ್. ದೀಪ ಹಿಡಿದ ಅವಳ ಚಿತ್ರವನ್ನು ಶಾಲೆಯ ಪುಸ್ತಕದಲ್ಲಿ ನಾವೆಲ್ಲ ನೋಡಿದವರೇ. ಲೆಕ್ಕದ ಹಾಳೆ ಹಿಡಿದ ನೈಟಿಂಗೇಲ್ ಮಾತ್ರ ನಮಗೆ ಅಷ್ಟಾಗಿ ಪರಿಚಯವಿಲ್ಲ. ಎಲ್ಲ ಆಸ್ಪತ್ರೆಗಳೂ ಒಂದೇ ನಮೂನೆಯಲ್ಲಿ ರೋಗಿಗಳ ವಿವರ ಬರೆದಿಡಬೇಕೆಂಬ ಅವಳ ಯೋಜನೆ 1860ರಲ್ಲಿ ಲಂಡನ್ನಿನ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನದ ಮುಂದೆ ಬಂತು. ಅದು ಹೆಚ್ಚು ದಿನ ನಡೆಯಲಿಲ್ಲ. 1893ರಲ್ಲಿ ಫ್ರಾನ್ಸಿನ ಜಾಕ್ ಬರ್ಟಿಯೋ ಸಿದ್ಧಪಡಿಸಿದ ಪಟ್ಟಿಯನ್ನು ಅನೇಕ ದೇಶಗಳು ಒಪ್ಪಿಕೊಂಡವು. ಅದೂ ಸಾವಿನ ಕಾರಣಗಳದೇ ಪಟ್ಟಿ. ಕೊಲ್ಲದೆ ಬರೀ ನೋಯಿಸುವ ಕಾಯಿಲೆಗಳಿಗೆ ಬಾಗಿಲು ತೆರೆದದ್ದು 1948ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಆರನೆಯ ಪರಿಷ್ಕರಣದ ಹೊಣೆ ಹೊತ್ತಾಗ. ಒಂಬತ್ತನೆಯ ಪರಿಷ್ಕರಣದಲ್ಲಿ ಒಳಕ್ಕಿಳಿದ ಉಗುರಿನ ಸಂಖ್ಯೆ 703.0. ಹತ್ತನೆಯದರಲ್ಲಿ ಅದು ಎಲ್ 60.0. ಬೆರಳಿನ ಕೀವಿಗೆ, ಅಂದರೆ ನಮ್ಮ ಅಸಲಿ ಉಗುರುಸುತ್ತಿಗೆ, ಬೇರೆಯೇ ಸಂಖ್ಯೆ: ಎಲ್ 03.0. ಅಜ್ಜಿ ಒಂದೇ ಮಾತಿನಲ್ಲಿ ಮುಗಿಸಿದ್ದನ್ನು ಜಗತ್ತು ಎರಡು ಮಾಡಿಕೊಂಡಿತು. ಉಗುರಿನ ಒತ್ತಡ ಬೇರೆ, ಅದರಿಂದಾಗುವ ಸೋಂಕು ಬೇರೆ ಎಂಬುದು ಸರಿಯೇ.

ಇದೆಲ್ಲ ನನಗೆ ತಿಳಿದದ್ದು ನನ್ನ ತಂಗಿಯ ಮಗಳಿಂದ. ಬೆಂಗಳೂರಿನ ಒಂದು ಕಂಪನಿಯಲ್ಲಿ ಕೂತು ಅಮೆರಿಕದ ರೋಗಿಗಳ ಕಾಗದ ಓದಿ ಕೋಡ್ ಹಾಕುವುದು ಅವಳ ಕೆಲಸ. ಅಲ್ಲಿ ವೈದ್ಯರ ಹಣ ಬರುವುದು ವಿಮೆಯಿಂದ. ಕಾಯಿಲೆಗೊಂದು ಸಂಖ್ಯೆ, ಮಾಡಿದ ಚಿಕಿತ್ಸೆಗೆ ಇನ್ನೊಂದು ಸಂಖ್ಯೆ ಇಲ್ಲದೆ ಕಾಸು ಹುಟ್ಟದು. ಚಿಕಿತ್ಸೆಯ ಸಂಖ್ಯೆಗಳ ಪುಸ್ತಕವನ್ನು ಅಮೆರಿಕದ ವೈದ್ಯರ ಸಂಘ 1966ರಲ್ಲಿ ಹೊರತಂದಿತು. ಕಾಯಿಲೆಯ ಸಂಖ್ಯೆಗಳಲ್ಲಿ ಹತ್ತನೆಯ ಪರಿಷ್ಕರಣಕ್ಕೆ ಆ ದೇಶ ಬಂದದ್ದು 2015ರ ಅಕ್ಟೋಬರ್ 1ಕ್ಕೆ.

ಉಗುರನ್ನು ಕಿತ್ತು ತೆಗೆದರೆ 11730. ಅದು ಮತ್ತೆ ಬೆಳೆಯುತ್ತದೆ. ಉಗುರಿನ ಬುಡವನ್ನೂ ನಾಶಮಾಡಿ ಮತ್ತೆ ಬೆಳೆಯದ ಹಾಗೆ ಮಾಡಿದರೆ 11750. ಅದಕ್ಕೆ ಕತ್ತರಿಯ ಬದಲು ಫೀನಾಲ್ ಎಂಬ ಸುಡುವ ರಾಸಾಯನಿಕ ಬಳಸುವವರೂ ಉಂಟು. ಪಕ್ಕದ ಚರ್ಮವನ್ನು ಬೆಣೆಯಾಕಾರದಲ್ಲಿ ಕತ್ತರಿಸಿದರೆ 11765. ಎಡಗಾಲಿನ ಹೆಬ್ಬೆರಳಾದರೆ ಟಿಎ, ಬಲಗಾಲಿನದಾದರೆ ಟಿ5 ಎಂದು ಬಾಲವೂ ಸೇರಬೇಕು. ಯಾವ ಅಂಚು, ಮರಗಟ್ಟಿಸಲು ಏನು ಚುಚ್ಚಿದರು, ಬುಡ ಸುಟ್ಟರೋ ಇಲ್ಲವೋ ಎಲ್ಲವನ್ನೂ ವೈದ್ಯರು ಬರೆದಿರಬೇಕು.

"ಬುಡ ಸುಟ್ಟಿದ್ದು ನಿಜವೇ ಇರಲಿ ದೊಡ್ಡಮ್ಮ, ಡಾಕ್ಟರು ಬರೆದಿಲ್ಲ ಅಂದ್ರೆ ಅದು ಆಗಿಲ್ಲ ಅಂತಲೇ ಲೆಕ್ಕ. ನಾವಾಗಿ ಊಹಿಸೋ ಹಾಗಿಲ್ಲ," ಎಂದಳು.

"ನೋವೆಷ್ಟಿತ್ತು ಅಂತ ಬರೀತಾರೇನೆ?"

"ಬರೀತಾರೆ. ನಡೆಯೋಕೆ ಆಗ್ತಿತ್ತಾ, ಚಪ್ಪಲಿ ಹಾಕೋಕೆ ಆಗ್ತಿತ್ತಾ, ಮನೇಲಿ ಏನೇನು ಮಾಡಿ ನೋಡಿದ್ರು, ಎಲ್ಲಾ ಇರತ್ತೆ. ಇಲ್ಲದಿದ್ರೆ ಇದು ಬರೀ ಉಗುರು ಕತ್ತರಿಸೋ ಕೆಲಸ ಅಂತ ವಿಮೆಯವರು ತಳ್ಳಿಹಾಕಬಹುದು."

ನನಗೆ ಆಶ್ಚರ್ಯವಾಯಿತು. ಹಣದ ದೆಸೆಯಿಂದಲೇ ಆಗಲಿ, ಯಾರೋ ಒಬ್ಬಳು ಚಪ್ಪಲಿ ಮೆಟ್ಟಲಾರದೆ ಹೋದದ್ದನ್ನು ಕಾಗದದ ಮೇಲೆ ಬರೆಯಲೇಬೇಕಾಯಿತಲ್ಲ! ನಮ್ಮೂರಿನ ಒಂದು ದವಾಖಾನೆಯಲ್ಲಿ ಇದೇ ಚಿಕಿತ್ಸೆ ಮಾಡಿಸಿಕೊಂಡಾಗ ನನ್ನ ಕೈಗೆ ಬಂದ ಚೀಟಿಯಲ್ಲಿ ಇದ್ದದ್ದು ಎರಡು ಮಾತ್ರೆಗಳ ಹೆಸರು, ಕೆಳಗೊಂದು ಸಹಿ. ಯಾವ ಕಾಲು ಎಂದೂ ಇರಲಿಲ್ಲ. ಎರಡು ವರ್ಷದ ಮೇಲೆ ಉಗುರು ಮತ್ತೆ ಒಳಕ್ಕಿಳಿದಾಗ ಬೇರೆ ವೈದ್ಯರು, "ಹಿಂದೆ ಬುಡ ತೆಗೆದಿದ್ದರೇನಮ್ಮ?" ಎಂದು ಕೇಳಿದರು. ನಾನೇನು ಹೇಳಲಿ? ಮರಗಟ್ಟಿದ ಕಾಲು ಚಾಚಿಕೊಂಡು ಮುಖ ಆಚೆ ತಿರುಗಿಸಿ ಮಲಗಿದ್ದವಳು ನಾನು.