ಬೆಂಗಳೂರಿನ ರೇವಾ: ಮೆಚ್ಚಿದವರು ಬಹಳ, ಕೊಂಡವರು ವಿರಳ



ಕಳೆದ ವರ್ಷ ಜೂನ್ 5ರ ವಿಶ್ವ ಪರಿಸರ ದಿನದಂದು ನಮ್ಮ ಶಾಲೆಯಲ್ಲಿ ಭಾಷಣ ಮಾಡುವ ಸರದಿ ನನ್ನದಾಗಿತ್ತು. ಹೊಗೆ, ಶ್ವಾಸಕೋಶ, ಮುಂದಿನ ಪೀಳಿಗೆ ಎಂದೆಲ್ಲ ಅರ್ಧ ಗಂಟೆ ಮಾತನಾಡಿ, ಚಪ್ಪಾಳೆ ಗಿಟ್ಟಿಸಿ ವೇದಿಕೆಯಿಂದ ಇಳಿದೆ. ಮರುವಾರ ಹೊಸ ಪೆಟ್ರೋಲ್ ಸ್ಕೂಟರಿನಲ್ಲಿ ಶಾಲೆಗೆ ಬಂದಾಗ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಗೇಟಿನ ಬಳಿಯೇ, "ಸರ್, ಕರೆಂಟಿನ ಗಾಡಿ ಯಾಕೆ ತಗೊಳ್ಳಲಿಲ್ಲ?" ಎಂದು ಕೇಳಿದ. ಅವನ ದನಿಯಲ್ಲಿ ತುಂಟತನವಿರಲಿಲ್ಲ, ಅವನಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು. "ನಮ್ಮದು ಬಾಡಿಗೆ ಮನೆ, ಎರಡನೆಯ ಮಹಡಿ. ಚಾರ್ಜ್ ಎಲ್ಲಿ ಹಾಕಲಿ ಬೇಟಾ?" ಎಂದೆ. ಉತ್ತರ ಸುಳ್ಳಲ್ಲ. ಆದರೆ ಅದು ನನಗೇ ಸಮಾಧಾನ ಕೊಡಲಿಲ್ಲ.

ಪರಿಸರದ ಬಗ್ಗೆ ಕಾಳಜಿ ಇರುವವರೂ ವಿದ್ಯುತ್ ಕಾರು ಕೊಳ್ಳಲು ಏಕೆ ಹಿಂಜರಿಯುತ್ತಾರೆ? ಕೆಲವರು ಇದನ್ನು ಜನರ ಇಬ್ಬಂದಿತನ ಎಂದು ತಳ್ಳಿಹಾಕುತ್ತಾರೆ. ಇತಿಹಾಸವನ್ನು ಸ್ವಲ್ಪ ತಿರುವಿ ನೋಡಿದರೆ ವಿಷಯ ಅಷ್ಟು ಸುಲಭವಲ್ಲ ಎಂಬುದು ನಿಮಗೇ ಮನವರಿಕೆಯಾಗುತ್ತದೆ.

ವಿದ್ಯುತ್ ಕಾರು ಇತ್ತೀಚಿನದೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. 1900ರಲ್ಲಿ ಅಮೆರಿಕದಲ್ಲಿ ತಯಾರಾದ 4,192 ಕಾರುಗಳಲ್ಲಿ 1,575 ವಿದ್ಯುತ್ತಿನವು. ಹಬೆಯಿಂದ ಓಡುವವು 1,681 ಇದ್ದವು. ಪೆಟ್ರೋಲಿನವು ಕೇವಲ 936! ಅದಕ್ಕೂ ಒಂದು ವರ್ಷ ಮೊದಲು, 1899ರಲ್ಲಿ, ಗಂಟೆಗೆ ನೂರು ಕಿಲೋಮೀಟರ್ ವೇಗವನ್ನು ಮೊದಲು ದಾಟಿದ ಕಾರು ಬೆಲ್ಜಿಯಂನ ಕಮೀಲ್ ಜೆನಾಟ್ಸಿ ಓಡಿಸಿದ ವಿದ್ಯುತ್ ಕಾರೇ. ಪೆಟ್ರೋಲ್ ಗಾಡಿಯನ್ನು ಆಗ ಕಬ್ಬಿಣದ ಹಿಡಿಕೆ ತಿರುಗಿಸಿ ಚಾಲೂ ಮಾಡಬೇಕಿತ್ತು. ಹಿಡಿಕೆ ಹಿಂದಕ್ಕೆ ಒದ್ದರೆ ಕೈ ಮುರಿಯುತ್ತಿತ್ತು. ಆದ್ದರಿಂದ ಊರೊಳಗೆ ಓಡಾಡುವವರು, ವಿಶೇಷವಾಗಿ ಮಹಿಳೆಯರು, ವಿದ್ಯುತ್ ಕಾರನ್ನು ಇಷ್ಟಪಟ್ಟರು. ಪೆಟ್ರೋಲ್ ಕಾರಿನ ದೊರೆ ಹೆನ್ರಿ ಫೋರ್ಡ್ ಅವರ ಪತ್ನಿ ಕ್ಲಾರಾ ಸಹ ಓಡಿಸುತ್ತಿದ್ದುದು ಡೆಟ್ರಾಯಿಟ್ ಎಲೆಕ್ಟ್ರಿಕ್ ಕಂಪನಿಯ ವಿದ್ಯುತ್ ಕಾರನ್ನು.

ಮುಂದೆ ಆದದ್ದೇನು? 1901ರಲ್ಲಿ ಟೆಕ್ಸಾಸ್‌ನಲ್ಲಿ ಎಣ್ಣೆ ಚಿಮ್ಮಿ ಪೆಟ್ರೋಲ್ ಅಗ್ಗವಾಯಿತು. 1908ರಲ್ಲಿ ಫೋರ್ಡ್ ಅವರ ಮಾಡೆಲ್ ಟಿ ಬಂತು. 1912ರ ಹೊತ್ತಿಗೆ ಪೆಟ್ರೋಲ್ ಕಾರು 650 ಡಾಲರಿಗೆ ಸಿಗುತ್ತಿದ್ದರೆ ವಿದ್ಯುತ್ ಕಾರಿಗೆ 1,750 ಡಾಲರ್ ತೆರಬೇಕಾಗಿತ್ತು. ಅದೇ ವರ್ಷ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ ಸ್ಟಾರ್ಟರ್ ಕ್ಯಾಡಿಲಾಕ್ ಕಾರಿಗೆ ಬಂದು ಹಿಡಿಕೆಯ ಕಾಟವೂ ತಪ್ಪಿತು. ಆ ಸ್ಟಾರ್ಟರ್ ನಡೆಯುವುದು ಬ್ಯಾಟರಿಯಿಂದ. ಬ್ಯಾಟರಿಯ ಗಾಡಿಯನ್ನು ರಸ್ತೆಯಿಂದ ಹೊರದಬ್ಬಿದ್ದರಲ್ಲಿ ಒಂದು ಪುಟ್ಟ ಬ್ಯಾಟರಿಯ ಕೈಯೂ ಇತ್ತು ಎಂಬುದು ಇತಿಹಾಸದ ಚೋದ್ಯ.

ಈಗ ನಮ್ಮ ಬೆಂಗಳೂರಿಗೆ ಬರೋಣ. ನಾನು ಈ ಲೇಖನ ಬರೆಯಲು ಕೂತದ್ದೇ ಈ ಕಥೆಗಾಗಿ.

ಚೇತನ್ ಮೈನಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ, 1990ರಲ್ಲಿ, ಸೌರಶಕ್ತಿ ಕಾರಿನ ಸ್ಪರ್ಧೆಯಲ್ಲಿ ಗೆದ್ದ ತಂಡದಲ್ಲಿದ್ದವರು. ಬೆಂಗಳೂರಿನ ಮೈನಿ ಸಮೂಹ ಮತ್ತು ಕ್ಯಾಲಿಫೋರ್ನಿಯಾದ ಅಮೆರಿಗಾನ್ ಸಂಸ್ಥೆ ಸೇರಿ 1994ರಲ್ಲಿ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿಯನ್ನು ಆರಂಭಿಸಿದವು. ರೇವಾ ಎಂಬುದು ಚೇತನ್ ಅವರ ತಾಯಿಯ ಹೆಸರು. ಏಳು ವರ್ಷ ದುಡಿದ ಮೇಲೆ 2001ರಲ್ಲಿ ಕಾರು ಬೆಂಗಳೂರಿನ ರಸ್ತೆಗಿಳಿಯಿತು. ಅದು ತಯಾರಾಗುತ್ತಿದ್ದುದು ಬೊಮ್ಮಸಂದ್ರದಲ್ಲಿ. ಎರಡೇ ಬಾಗಿಲು, ಪ್ಲಾಸ್ಟಿಕ್ ಮೈ, ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ಸೀಟಿನ ಕೆಳಗೆ ಸೀಸ-ಆಮ್ಲದ ಎಂಟು ಬ್ಯಾಟರಿಗಳು. ಮನೆಯ 15 ಆಂಪಿಯರ್ ಪ್ಲಗ್ಗಿಗೆ ಸಿಕ್ಕಿಸಿದರೆ ಎಂಟು ಗಂಟೆಯಲ್ಲಿ ಪೂರ್ತಿ ಚಾರ್ಜ್, ಆಮೇಲೆ ಸುಮಾರು 80 ಕಿಲೋಮೀಟರ್ ಓಟ. ಒಮ್ಮೆ ತುಂಬಲು ಒಂಬತ್ತು ಯೂನಿಟ್ ಆಸುಪಾಸು. ಯೂನಿಟ್ಟಿಗೆ 4 ರೂಪಾಯಿ ಹಿಡಿದರೂ 36 ರೂಪಾಯಿಗೆ 80 ಕಿಲೋಮೀಟರ್! ಲೆಕ್ಕದ ಮೇಷ್ಟ್ರಿಗೆ ಇಷ್ಟು ಹೇಳಿದರೆ ಸಾಕು, ಮರುದಿನವೇ ಕಾರು ಕೊಳ್ಳಬೇಕು.

ಆದರೆ ಮೇಷ್ಟ್ರು ಕೊಳ್ಳಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ರಜೆಗೆ ಬೆಂಗಳೂರಿನ ಶಿವಾಜಿನಗರದ ಮಾಮು ಮನೆಗೆ ಹೋಗುತ್ತಿದ್ದೆ. ಅವರದು ಗ್ಯಾರೇಜ್ ಕೆಲಸ. ಸದ್ದೇ ಇಲ್ಲದೆ ಪಕ್ಕದಲ್ಲಿ ಹಾದುಹೋದ ರೇವಾ ಕಂಡು ನಾನು ಬಾಯಿ ಬಿಟ್ಟು ನಿಂತಿದ್ದೆ. ಮಾಮು ಕೈ ಒರೆಸಿಕೊಳ್ಳುತ್ತಾ, "ಗಾಡಿ ಒಳ್ಳೆಯದೇ ಬೇಟಾ. ಆದರೆ ಇದು ಮನೆಯ ಎರಡನೇ ಗಾಡಿ. ನಮ್ಮಂಥವರಿಗೆ ಮೊದಲನೆಯದೇ ಇಲ್ಲವಲ್ಲ" ಎಂದರು. ನಂತರ ನಾನು ಓದಿದ ಯಾವ ಲೇಖನವೂ ರೇವಾ ಏಕೆ ಕಡಿಮೆ ಮಾರಾಟವಾಯಿತು ಎಂಬುದನ್ನು ಇಷ್ಟು ಚಿಕ್ಕದಾಗಿ ಹೇಳಿಲ್ಲ.

ಯೋಚಿಸಿ ನೋಡಿ. ನಮ್ಮಲ್ಲಿ ಕಾರು ಕೊಳ್ಳುವುದು ಜೀವಮಾನದ ಉಳಿತಾಯದಿಂದ. ಆ ಒಂದೇ ಕಾರಿನಲ್ಲಿ ಆಫೀಸಿಗೂ ಹೋಗಬೇಕು, ಹಬ್ಬಕ್ಕೆ ಊರಿಗೂ ಹೋಗಬೇಕು, ಅಮ್ಮಿ ಅಬ್ಬಾ ಮತ್ತು ಮೂರು ಮಕ್ಕಳನ್ನೂ ಕೂರಿಸಬೇಕು. ಬೆಂಗಳೂರಿನಿಂದ ಮೈಸೂರಿಗೇ ನೂರನಲವತ್ತು ಕಿಲೋಮೀಟರ್ ಮೇಲೆ. ದಾರಿಯಲ್ಲಿ ನಿಂತರೆ ರಾಮನಗರದಲ್ಲಿ ಯಾರು ಪ್ಲಗ್ ಕೊಡುತ್ತಾರೆ? ಜೊತೆಗೆ ಲೋಡ್ ಶೆಡ್ಡಿಂಗ್ ಕಾಲ. ಮನೆಯ ದೀಪಕ್ಕೇ ಖಾತ್ರಿಯಿಲ್ಲದ ಕರೆಂಟನ್ನು ಕಾರಿಗೆ ನಂಬುವುದು ಹೇಗೆ? ಬೆಲೆಯಾದರೂ ಕಡಿಮೆಯೇ? ಮಾರುತಿ 800 ಕೊಳ್ಳುವ ಹಣಕ್ಕೆ ಇದು ಸಿಗುತ್ತಿರಲಿಲ್ಲ. ಸೀಸದ ಬ್ಯಾಟರಿಗಳನ್ನು ಸುಮಾರು ಮೂರು ವರ್ಷಕ್ಕೊಮ್ಮೆ ಬದಲಿಸಬೇಕಿತ್ತು, ಹಳತಾದಂತೆ ಓಟವೂ ಕಡಿಮೆಯಾಗುತ್ತಿತ್ತು. ಹಳೆಯ ಬ್ಯಾಟರಿಯ ಗಾಡಿಯನ್ನು ಸೆಕೆಂಡ್ ಹ್ಯಾಂಡಿಗೆ ಯಾರು ಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ಉತ್ತರವೇ ಇರಲಿಲ್ಲ. ಇಷ್ಟೆಲ್ಲ ಎಣಿಸಿ ಹಿಂದೆ ಸರಿದವನನ್ನು ಪರಿಸರದ ಶತ್ರು ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಇದೇ ಕಾರು ಲಂಡನ್‌ನಲ್ಲಿ ಬೇರೆ ಹಣೆಬರಹ ಕಂಡಿತು. ಅಲ್ಲಿ 2003ರ ಫೆಬ್ರವರಿಯಿಂದ ನಗರದ ನಡುಭಾಗಕ್ಕೆ ಕಾರು ತಂದರೆ ದಿನಕ್ಕೆ 5 ಪೌಂಡ್ ಶುಲ್ಕವಿತ್ತು. ವಿದ್ಯುತ್ ಕಾರಿಗೆ ಆಗ ವಿನಾಯಿತಿ ಇತ್ತು. 2004ರಲ್ಲಿ ರೇವಾ 'ಜಿ-ವಿಜ್' ಎಂಬ ಹೆಸರಿನಲ್ಲಿ ಅಲ್ಲಿಗೆ ಹೋಯಿತು. ಕೆಲವರು ಆಟಿಕೆ ಎಂದು ನಕ್ಕರು, 2007ರಲ್ಲಿ ಅದರ ಸುರಕ್ಷತೆಯ ಬಗ್ಗೆ ಗಟ್ಟಿಯಾದ ಆಕ್ಷೇಪಗಳೂ ಬಂದವು, ಅವು ನಿರಾಧಾರವಾಗಿರಲಿಲ್ಲ. ಆದರೂ ಬ್ರಿಟನ್ನಿನಲ್ಲಿ ಸಾವಿರಕ್ಕೂ ಹೆಚ್ಚು ಜಿ-ವಿಜ್‌ಗಳು ಓಡಿದವು. ಲಂಡನ್ನಿನವರು ನಮಗಿಂತ ಹೆಚ್ಚು ಪರಿಸರಪ್ರೇಮಿಗಳೆಂದು ಇದರ ಅರ್ಥವೇ? ನನಗೆ ಹಾಗೆನಿಸುವುದಿಲ್ಲ. ಅವರಿಗೆ ಪ್ರತಿದಿನ ಆ ಶುಲ್ಕ ಉಳಿಯುತ್ತಿತ್ತು.

2010ರಲ್ಲಿ ಮಹೀಂದ್ರ ಕಂಪನಿ ರೇವಾದ ಶೇ. 55.2ರಷ್ಟು ಪಾಲು ಕೊಂಡಿತು. ಅದೇ ವರ್ಷ ಕೇಂದ್ರ ಸರ್ಕಾರ ವಿದ್ಯುತ್ ವಾಹನಗಳಿಗೆ ಸಹಾಯಧನ ಆರಂಭಿಸಿ, 2012ರ ಮಾರ್ಚಿನಲ್ಲಿ ನಿಲ್ಲಿಸಿಬಿಟ್ಟಿತು. ಬೊಮ್ಮಸಂದ್ರದಲ್ಲಿ ವರ್ಷಕ್ಕೆ 30,000 ಕಾರು ತಯಾರಿಸಬಲ್ಲ ಕಾರ್ಖಾನೆ ಬಾಗಿಲು ತೆರೆದದ್ದೂ 2012ರಲ್ಲಿಯೇ! 2013ರಲ್ಲಿ ಲಿಥಿಯಂ ಬ್ಯಾಟರಿಯ ಇ2ಒ ಬಂತು. ಓಟ 100 ಕಿಲೋಮೀಟರ್, ದೆಹಲಿಯಲ್ಲಿ ಬೆಲೆ ಸುಮಾರು 6 ಲಕ್ಷ. ಜನ ನೋಡಿದರು, ಕೂತು ನೋಡಿದರು, ಅದೇ ದುಡ್ಡಿಗೆ ದೊಡ್ಡ ಪೆಟ್ರೋಲ್ ಕಾರು ಕೊಂಡರು. ಫೇಮ್ ಎಂಬ ಹೊಸ ಸಹಾಯಧನ ಯೋಜನೆ ಬಂದದ್ದು 2015ರಲ್ಲಿ, ಅಂದರೆ ಮೂರು ವರ್ಷ ತಡವಾಗಿ. ಇಂದು ಕೊಟ್ಟು ನಾಳೆ ಕಿತ್ತುಕೊಳ್ಳುವ ರಿಯಾಯಿತಿಯನ್ನು ನಂಬಿ ಯಾವ ಗೃಹಸ್ಥ ಆರು ಲಕ್ಷ ಹಾಕುತ್ತಾನೆ?

ನಾರ್ವೆಯನ್ನು ನೋಡಿ. ಅಲ್ಲಿ 1990ರಲ್ಲೇ ವಿದ್ಯುತ್ ಕಾರಿನ ಖರೀದಿ ತೆರಿಗೆ ತೆಗೆದರು. 2001ರಲ್ಲಿ, ಅಂದರೆ ನಮ್ಮ ರೇವಾ ಬಂದ ವರ್ಷವೇ, ಮೌಲ್ಯವರ್ಧಿತ ತೆರಿಗೆಯನ್ನೂ ತೆಗೆದರು. ಅನೇಕ ವರ್ಷ ಕೊಳ್ಳುವವರೇ ಇರಲಿಲ್ಲ, ಆದರೂ ರಿಯಾಯಿತಿ ಕಿತ್ತುಕೊಳ್ಳಲಿಲ್ಲ. 2024ರಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಸುಮಾರು ಶೇ. 89 ವಿದ್ಯುತ್ತಿನವು. ಎಣ್ಣೆ ಮಾರಿ ಶ್ರೀಮಂತವಾದ ದೇಶ ಅದು, ನಮ್ಮ ಖಜಾನೆಯನ್ನು ಅದಕ್ಕೆ ಹೋಲಿಸುವುದು ತಪ್ಪು ಎಂದು ನೀವು ಹೇಳಿದರೆ ಒಪ್ಪುತ್ತೇನೆ. ಅದೇ ವರ್ಷ ಭಾರತದಲ್ಲಿ ವಿದ್ಯುತ್ ಕಾರಿನ ಪಾಲು ನೂರಕ್ಕೆ ಎರಡೂವರೆಯಷ್ಟು.

ನಮ್ಮಲ್ಲೂ ಬದಲಾವಣೆ ಇಲ್ಲವೆಂದಲ್ಲ. 2017ರಲ್ಲಿ ವಿದ್ಯುತ್ ವಾಹನ ನೀತಿ ತಂದ ಮೊದಲ ರಾಜ್ಯ ಕರ್ನಾಟಕ. 2020ರ ಜನವರಿಯಲ್ಲಿ ಬಂದ ಟಾಟಾ ನೆಕ್ಸಾನ್‌ಗೆ ಪ್ರಮಾಣಪತ್ರದ ಪ್ರಕಾರ 312 ಕಿಲೋಮೀಟರ್ ಓಟ, ಬ್ಯಾಟರಿಗೆ ಎಂಟು ವರ್ಷದ ವಾರಂಟಿ. 2010ರಲ್ಲಿ ಯೂನಿಟ್ಟೊಂದಕ್ಕೆ ಸಾವಿರ ಡಾಲರಿಗೂ ಮೇಲಿದ್ದ ಲಿಥಿಯಂ ಬ್ಯಾಟರಿಯ ಬೆಲೆ 2024ರಲ್ಲಿ 115 ಡಾಲರಿಗೆ ಇಳಿದಿತ್ತು. ಆದರೂ ನೆಕ್ಸಾನ್‌ನ ಆರಂಭದ ಬೆಲೆ 14 ಲಕ್ಷದ ಹತ್ತಿರವಿತ್ತು. ಮಾಮು ಹೇಳಿದ ಮಾತು ಪೂರ್ತಿ ಹಳತಾಗಿಲ್ಲ.

ಈ ಕಥೆಯನ್ನೆಲ್ಲ ಎರಡು ಪಿರಿಯಡ್‌ಗಳಲ್ಲಿ ಆ ಒಂಬತ್ತನೆಯ ತರಗತಿಗೆ ಹೇಳಿದೆ. ಮಕ್ಕಳು ಒಳ್ಳೆಯ ಪ್ರಶ್ನೆ ಕೇಳಿದರು. "ಕರೆಂಟು ರಾಯಚೂರಿನಲ್ಲಿ ಕಲ್ಲಿದ್ದಲು ಸುಟ್ಟೇ ಬರುತ್ತದಲ್ಲ ಸರ್?" ಎಂದಳು ಒಬ್ಬಳು. ಹೌದು, ಆದರೆ ಶರಾವತಿಯ ನೀರಿನಿಂದಲೂ ಪಾವಗಡದ ಬಿಸಿಲಿನಿಂದಲೂ ಬರುತ್ತದೆ ಎಂದೆ. ಕೊನೆಗೆ ಗೇಟಿನ ಬಳಿಯ ಆ ಹುಡುಗ ಎದ್ದು ನಿಂತ. "ಸರ್, ನಿಮ್ಮ ಮನೆ ಮಾಲೀಕರನ್ನು ಕೆಳಗೆ ಒಂದು ಪ್ಲಗ್ ಹಾಕಿಸಿಕೊಡಿ ಎಂದು ಕೇಳಿದ್ದಿರಾ?"

ಕೇಳಿರಲಿಲ್ಲ. ಅವನಿಗೆ ಹಾಗೆಯೇ ಹೇಳಿದೆ.