ಜುಬಿಲಿಯ ಕೊಂಬು

ಜುಬಿಲಿ ಎಂದು ಬರೆಯುವಾಗ ಮೊದಲ ಅಕ್ಷರಕ್ಕೇ ಕೊಂಬು ಕೊಡಬೇಕು. ಒಂದನೇ ಕ್ಲಾಸಿನಲ್ಲಿ ರಾಗವಾಗಿ ಹೇಳಿಕೊಂಡದ್ದು, ‘ಜ ಕೊಂಬು ಜು’. ಇದು ಕಾಕತಾಳೀಯ ಎಂದು ನನಗೂ ಗೊತ್ತು. ಆದರೆ ಈ ಪದದ ಹುಟ್ಟು ತಿಳಿದ ಮೇಲೆ ಆ ಕೊಂಬನ್ನು ದಾಟಿಕೊಂಡು ಮುಂದಿನ ಅಕ್ಷರಕ್ಕೆ ಹೋಗಲು ಮನಸ್ಸೇ ಬರುವುದಿಲ್ಲ. ಜುಬಿಲಿ ಮೊದಲಿಗೆ ಇದ್ದದ್ದೇ ಕೊಂಬಾಗಿ. ಹೀಬ್ರೂ ಭಾಷೆಯಲ್ಲಿ ‘ಯೋವೆಲ್’ ಅಂದರೆ ಟಗರು, ಟಗರಿನ ಕೊಂಬು, ಆಮೇಲೆ ಆ ಕೊಂಬನ್ನು ಊದಿ ಸಾರುವ ವರ್ಷ.

ನಮಗೆ ಈ ಮಾತು ಬಂದದ್ದು ಅರಮನೆಯ ದಾರಿಯಿಂದ, ಸಿನಿಮಾ ಟಾಕೀಸಿನ ದಾರಿಯಿಂದ. ಮೈಸೂರಿನ ದೊಡ್ಡ ಗಡಿಯಾರ ನಾಲ್ವಡಿ ಕೃಷ್ಣರಾಜ ಒಡೆಯರು ಆಳ್ವಿಕೆಯಲ್ಲಿ 25 ವರ್ಷ ತುಂಬಿಸಿದ 1927ರ ನೆನಪು. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಲ್ಲಿ ಮೋಟಾರು ಪಂಪು ಕೊಳ್ಳಲು ಹೋಗುವವರಿಗೆ ಆ ಮೂರಕ್ಷರದಲ್ಲಿ ಸಿಲ್ವರ್ ಜುಬಿಲಿ ಪಾರ್ಕ್ ಅಡಗಿದೆ ಎಂಬುದು ಮರೆತೇಹೋಗಿದೆ. ಸಿನಿಮಾ 25 ವಾರ ಓಡಿದರೆ ಸಿಲ್ವರ್ ಜುಬಿಲಿ. ರಜತ ಮಹೋತ್ಸವ, ಸುವರ್ಣ ಮಹೋತ್ಸವ ಎಂದು ನಾವು ಚೆಂದದ ಮಾತು ಕಟ್ಟಿಕೊಂಡರೂ ಜುಬಿಲಿ ಬಾಯಿಂದ ಹೋಗಲಿಲ್ಲ. ಆದರೆ ನಮ್ಮ ಬಳಕೆಯಲ್ಲಿ ಅದರ ಅರ್ಥ ಒಂದೇ: ಇಷ್ಟು ವರ್ಷ ತುಂಬಿತು, ಇನ್ನು ಪೆಂಡಾಲು ಹಾಕಿ.

ಯಹೂದಿಗಳ ಯೋವೆಲ್ ತುಂಬುವ ವರ್ಷವಲ್ಲ, ಹಿಂದಿರುಗಿಸುವ ವರ್ಷ. ಬೈಬಲಿನ ಯಾಜಕಕಾಂಡದ 25ನೇ ಅಧ್ಯಾಯದಲ್ಲಿ ಅದರ ಕಟ್ಟಳೆ ಇದೆ. ಏಳು ವರ್ಷಗಳ ಏಳು ಸುತ್ತು ಮುಗಿದು 50ನೆಯದು ಬಂದಾಗ ಹೊಲ ಉಳುವಂತಿಲ್ಲ. ಕಷ್ಟಕ್ಕೆ ಸಿಕ್ಕಿ ಮಾರಿದ ಭೂಮಿ ಮೂಲ ಮನೆತನಕ್ಕೆ ವಾಪಸು. ಸಾಲಕ್ಕೆ ತನ್ನನ್ನೇ ಮಾರಿಕೊಂಡು ಜೀತಕ್ಕೆ ನಿಂತವನು ಬಿಡುಗಡೆಯಾಗಿ ಮನೆಗೆ. ಹೊಲದ ಬೆಲೆ ಕಟ್ಟುವಾಗಲೂ ಮುಂದಿನ ಯೋವೆಲ್‌ಗೆ ಎಷ್ಟು ಬೆಳೆ ಉಳಿದಿವೆ ಎಂದು ಎಣಿಸಬೇಕು. ಹಾಗೆ ನೋಡಿದರೆ ಅಲ್ಲಿ ಹೊಲದ ಕ್ರಯವೇ ಇರಲಿಲ್ಲ, ಇದ್ದದ್ದು ನಮ್ಮ ಹಳ್ಳಿಯವರು ಬಲ್ಲ ಭೋಗ್ಯ. ಇದನ್ನು ಸಾರುವ ಕೊಂಬು ಊದಬೇಕಾದದ್ದು ಯಾವ ಸಂಭ್ರಮದ ದಿನವೂ ಅಲ್ಲ. ಏಳನೆಯ ತಿಂಗಳ ಹತ್ತನೆಯ ದಿನ, ಯೋಮ್ ಕಿಪ್ಪುರ್, ಉಪವಾಸವಿದ್ದು ತಪ್ಪೊಪ್ಪಿಕೊಳ್ಳುವ ದಿನ.

ಯೋವೆಲ್ ಎಂಬ ಹೆಸರು ಬೇಗನೆ ಹಳತಾಯಿತು. ಎಷ್ಟು ಹಳತೆಂದರೆ ಎರಡನೇ ಶತಮಾನದ ಯಹೂದಿ ಧರ್ಮಗುರು ರಬ್ಬಿ ಅಕಿವಾ, ತಾನು ಅರೇಬಿಯಾಕ್ಕೆ ಹೋಗಿದ್ದಾಗ ಅಲ್ಲಿನವರು ಟಗರನ್ನು ‘ಯೋವ್ಲಾ’ ಎನ್ನುತ್ತಿದ್ದರು ಎಂದು ಹೇಳಿದ್ದನ್ನು ಯಹೂದಿ ಪಂಡಿತರ ಚರ್ಚೆಗಳ ಗ್ರಂಥ ತಾಲ್ಮುದ್ ಕಾದಿಟ್ಟಿದೆ. ತಮ್ಮ ಮಾತಿನ ಅರ್ಥ ನೆರೆಯವರ ಬಾಯಲ್ಲಿ ಸಿಕ್ಕಿತು. ಕೊಂಬು ಮಾತ್ರ ಶೋಫಾರ್ ಎಂಬ ಹೆಸರಿನಲ್ಲಿ ಇವತ್ತಿಗೂ ಪೂಜೆಯಲ್ಲಿದೆ. ಹೊಸ ವರ್ಷದ ಹಬ್ಬವಾದ ರೋಶ್ ಹಶಾನಾದಲ್ಲಿ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ಅದನ್ನು ನೂರು ಸಲ ಊದುವ ರೂಢಿ. ಆ ದಿನ ಶನಿವಾರ, ಅಂದರೆ ಸಬ್ಬತ್, ಆದರೆ ಊದುವುದಿಲ್ಲ.

ಟಗರಿನ ಕೊಂಬನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಒಳಗಿನ ಎಲುಬಿನ ತಿರುಳು ತೆಗೆದು ತುದಿಯಲ್ಲಿ ತೂತು ಕೊರೆಯುತ್ತಾರೆ. ಬಾಯಿಡುವ ಕಡೆ ಚಿನ್ನದ ಕಟ್ಟು ಹಾಕುವಂತಿಲ್ಲ. ತುಟಿಗೂ ಕೊಂಬಿಗೂ ನಡುವೆ ಏನೂ ಇರಬಾರದು. ಹಸುವಿನ ಕೊಂಬು ಸಲ್ಲದು, ಅದು ಇಸ್ರೇಲರು ಅರಣ್ಯದಲ್ಲಿ ಪೂಜಿಸಿದ ಚಿನ್ನದ ಕರುವನ್ನು ನೆನಪಿಸುತ್ತದೆ. ಟಗರು ನೆನಪಿಸುವುದು ಬೇರೆಯದನ್ನು: ಅಬ್ರಹಾಮ ಮಗನನ್ನು ಬಲಿಕೊಡಲು ಹೊರಟಾಗ ಪೊದೆಗೆ ಕೊಂಬು ಸಿಕ್ಕಿಸಿಕೊಂಡು ನಿಂತಿದ್ದ, ಮಗನ ಬದಲಿಗೆ ಬಲಿಯಾದ ಆ ಟಗರನ್ನು. ಕೊಂಬು ಬಾಗಿರಬೇಕು ಎನ್ನುತ್ತಾರೆ, ರೋಶ್ ಹಶಾನಾದ ದಿನ ಮನಸ್ಸು ಎಷ್ಟು ಬಾಗಿದರೆ ಅಷ್ಟು ಒಳ್ಳೆಯದು. ಕನ್ನಡದಲ್ಲಿ ನಾವು ಸೊಕ್ಕಿದವನನ್ನು ಕಂಡು ‘ಅವನಿಗೇನು ಕೊಂಬು ಬಂದಿದೆಯಾ’ ಎನ್ನುತ್ತೇವೆ. ಅದೇ ಕೊಂಬು ಅಲ್ಲಿ ತಗ್ಗಿದ ತಲೆ.

ಒಬ್ಬರು ಪಕ್ಕದಲ್ಲಿ ನಿಂತು ಒಂದೊಂದು ದನಿಯ ಹೆಸರು ಹೇಳುತ್ತಾರೆ, ಊದುವವರು ಊದುತ್ತಾರೆ. ತೆಕೀಆ, ಒಂದೇ ನೇರ ನೀಳ ದನಿ. ಶೆವಾರಿಮ್, ಮೂರು ತುಂಡಾದ ನರಳಿಕೆ. ತೆರೂಆ, ಸಣ್ಣ ಸಣ್ಣ ಬಿಕ್ಕು. ಈ ಎರಡು ಅಳುವ ದನಿಗಳ ಹಿಂದೆ ಒಂದು ಕಥೆ ಇದೆ. ಬೈಬಲ್ ‘ತೆರೂಆ’ ಎಂದು ಹೇಳಿತೇ ಹೊರತು ಅದು ಹೇಗಿರಬೇಕೆಂದು ಹೇಳಲಿಲ್ಲ. ಅರಾಮಿಕ್ ಅನುವಾದದಲ್ಲಿ ಆ ಜಾಗದಲ್ಲಿದ್ದ ಪದ ಹಿಡಿದು ಪಂಡಿತರು ಹುಡುಕಿದರು, ಸಿಸೆರನ ತಾಯಿಯ ಬಳಿಗೆ ಹೋಗಿ ನಿಂತರು. ಸಿಸೆರ ಇಸ್ರೇಲಿನ ಶತ್ರು ಸೇನಾಪತಿ. ಯುದ್ಧದಿಂದ ಓಡಿಹೋಗಿ ಒಂದು ಗುಡಾರದಲ್ಲಿ ಹತನಾಗಿದ್ದಾನೆ, ತಾಯಿಗೆ ಗೊತ್ತಿಲ್ಲ. ರಥದ ಸದ್ದು ಯಾಕಿನ್ನೂ ಕೇಳುತ್ತಿಲ್ಲ ಎಂದು ಕಿಟಕಿಯಲ್ಲಿ ಕಾಯುತ್ತ ಅಳುತ್ತಾಳೆ. ಆ ಅಳು ನರಳಿಕೆಯೋ ಬಿಕ್ಕೋ ಎಂದು ತೀರ್ಮಾನವಾಗಲಿಲ್ಲ. ಹಾಗಾಗಿ ಸಿಸೇರಿಯಾದ ರಬ್ಬಿ ಅಬ್ಬಾಹು, ಎರಡನ್ನೂ ಊದಿ ಎಂದು ಕಟ್ಟಳೆ ಮಾಡಿದರು.

ನನಗೆ ಇಲ್ಲಿಂದ ಮುಂದೆ ಹೋಗಲು ಕಾಲು ಬರುವುದಿಲ್ಲ. ತಮ್ಮ ಅತಿ ಪವಿತ್ರವಾದ ದನಿ ಹೇಗಿರಬೇಕೆಂದು ಕೇಳಿಕೊಂಡ ಒಂದು ಜನ ವೈರಿಯ ತಾಯಿಯ ಅಳುವನ್ನು ಅಳತೆಗೋಲು ಮಾಡಿಕೊಂಡಿತು. ತಮ್ಮ ರಾಜ ದಾವೀದನ ಗೆಲುವಿನ ಕೂಗನ್ನಲ್ಲ, ತಮ್ಮ ಪ್ರವಾದಿನಿ ಮಿರಿಯಮಳ ದಮ್ಮಡಿಯನ್ನಲ್ಲ.

ಇನ್ನೊಂದು ಸೂಕ್ಷ್ಮ. ಊದುವ ಮೊದಲು ಹೇಳುವ ಆಶೀರ್ವಚನದಲ್ಲಿ ‘ಊದು’ ಎಂಬ ಮಾತಿಲ್ಲ, ಶೋಫಾರಿನ ದನಿಯನ್ನು ‘ಕೇಳು’ ಎಂದಿದೆ. ಬಾವಿಯೊಳಗೆ ಊದಿದರೆ ಏನು ಗತಿ ಎಂದು ಯಹೂದಿ ಕಟ್ಟಳೆಗಳ ಹಳೆಯ ಸಂಗ್ರಹ ಮಿಶ್ನಾ ವಿಚಾರಿಸುತ್ತದೆ. ಕೊಂಬಿನ ದನಿ ಕೇಳಿದ್ದರೆ ಸಂದಿತು, ಬರೀ ಮಾರ್ದನಿ ಕೇಳಿದ್ದರೆ ಸಲ್ಲಲಿಲ್ಲ. 12ನೇ ಶತಮಾನದ ಯಹೂದಿ ಪಂಡಿತ ಮೈಮೊನಿಡಿಸ್‌ಗೆ ಈ ಕೊಂಬಿನ ದನಿ ನಿದ್ದೆಯಲ್ಲಿದ್ದವರನ್ನು ಎಬ್ಬಿಸುವ ಕರೆ.

ಮಾರ್ದನಿಯಾಗಿ ಹೋದದ್ದು ನಮ್ಮ ಜುಬಿಲಿ. ಸಂತ ಜೆರೋಮ್ ಬೈಬಲನ್ನು ಲ್ಯಾಟಿನ್‌ಗೆ ತರುವಾಗ ಯೋವೆಲ್ ‘ಯುಬಿಲೇಯುಸ್’ ಆಯಿತು. ಲ್ಯಾಟಿನ್‌ನಲ್ಲಿ ಹರ್ಷದಿಂದ ಕೂಗುವುದಕ್ಕೆ ‘ಯುಬಿಲಾರೆ’ ಎಂಬ ಮಾತು ಮೊದಲೇ ಇತ್ತು. ಎರಡೂ ಒಂದಕ್ಕೊಂದು ಅಂಟಿಕೊಂಡವು, ಬಿಡುಗಡೆಯ ವರ್ಷಕ್ಕೆ ಹರ್ಷದ ಬಣ್ಣ ಬಂತು. 1300ರಲ್ಲಿ ಪೋಪ್ ಎಂಟನೇ ಬೊನಿಫೇಸ್ ರೋಮಿನಲ್ಲಿ ಜುಬಿಲಿ ಸಾರಿದರು. ಮೊದಲು ನೂರು ವರ್ಷಕ್ಕೊಮ್ಮೆ ಎಂದಿದ್ದದ್ದು ಮುಂದೆ 50 ಆಯಿತು, 1470ರಲ್ಲಿ 25ಕ್ಕೆ ಇಳಿಯಿತು. ವಿಕ್ಟೋರಿಯಾ ರಾಣಿಯ 1887ರ ಗೋಲ್ಡನ್, 1897ರ ಡೈಮಂಡ್ ಜುಬಿಲಿಗಳ ಹೊತ್ತಿಗೆ ಯಾರ ಹೊಲವೂ ಯಾರಿಗೂ ಹಿಂದಿರುಗಬೇಕಿರಲಿಲ್ಲ.

ಕೊಂಬು ಊದುವ ಆ ದಿನ ಮಾತ್ರ ನಮ್ಮ ನೆರೆಯಲ್ಲೂ ಉಳಿದಿತ್ತು. ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಯಹೂದಿಗಳು ಮರಾಠಿ ಮಾತಾಡುವವರು. ಯೋಮ್ ಕಿಪ್ಪುರ್‌ಗೆ ಅವರಲ್ಲಿ ಹಳೆಯ ಹೆಸರೊಂದಿತ್ತು, ‘ದಾರ್‌ಫಾಳ್ನೀಚಾ ಸಣ್’, ಬಾಗಿಲು ಮುಚ್ಚುವ ಹಬ್ಬ. ಆ ದಿನದ ಕೊನೆಯ ಪ್ರಾರ್ಥನೆಗೆ ಹೀಬ್ರೂವಿನಲ್ಲಿ ನೆಯಿಲಾ ಎನ್ನುತ್ತಾರೆ. ಅದರ ಅರ್ಥವೂ ಮುಚ್ಚುವುದು, ಸ್ವರ್ಗದ ಬಾಗಿಲು.

ನೆಯಿಲಾ ಮುಗಿಯುವಾಗ ಹೊರಗೆ ನಕ್ಷತ್ರ ಮೂಡಿರುತ್ತದೆ. ಹಿಂದಿನ ಸಂಜೆಯಿಂದ ತೊಟ್ಟು ನೀರೂ ಕುಡಿಯದ ಜನ ಎದ್ದು ನಿಂತಿರುತ್ತಾರೆ. ಆಗ ಒಂದು ತೆಕೀಆ, ಉಸಿರು ಮುಗಿಯುವವರೆಗೆ. ಯೋವೆಲ್ ಆಚರಣೆ ಎಂದೋ ನಿಂತುಹೋಗಿದೆ. ಈ ಒಂದು ದನಿ ಅದರ ನೆನಪಿಗೆ ಎಂದು ಹಳೆಯ ರಬ್ಬಿಗಳು ಹೇಳಿದ್ದಾರೆ. ಆಮೇಲೆ ಮನೆಗೆ ಹೋಗಿ ಉಣ್ಣುತ್ತಾರೆ. ಐದು ದಿನಕ್ಕೆ ಸುಕ್ಕೋತ್, ಗುಡಿಸಲ ಹಬ್ಬ. ಹಲವರು ಆ ರಾತ್ರಿಯೇ ಹಿತ್ತಲಿಗೆ ಹೋಗಿ ಗುಡಿಸಲಿನ ಮೊದಲ ಗೂಟ ಹೊಡೆಯುತ್ತಾರೆ.