ಕರಕಲು ಕಾಳು, ಬುಟ್ಟಿಯ ಬೀಜ: ದಖ್ಖನಿನ ಬೆಳೆಚರಿತ್ರೆ ಮತ್ತು ಕುಲಾಂತರಿ ವಾದ

ಸಾಹಿತ್ಯ ಓದೋರಿಗೆ ಡಿಎನ್‌ಎ ಗೊಡವೆ ಯಾಕೆ ಅಂತ ನೀವು ಕೇಳಬಹುದು. ನಾನು ಮೊಗುಡಂಪಲ್ಲಿ ಕಡೆಯಿಂದ ಬಂದಿದ್ದೇನೆ. ನಮ್ಮ ಜಹೀರಾಬಾದ್, ನಾರಾಯಣಖೇಡ 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಕಲಬುರಗಿಯಲ್ಲಿತ್ತು. ಗಡಿ ಸರಿಯಿತು, ಹೊಲದಲ್ಲಿ ಜೋಳ, ತೊಗರಿ, ನವಣೆ ಉಳಿದವು. ಈ ಬೆಳೆಗಳ ಚರಿತ್ರೆಯನ್ನು ಎಲ್ಲಿ ಓದಬೇಕು ಅನ್ನೋದು ನನ್ನ ಪ್ರಶ್ನೆ.

ಬಿಸಿಲ ನಾಡಿನಲ್ಲಿ ಪ್ರಾಚೀನ ಡಿಎನ್‌ಎ ಉಳಿಯೋದು ಕಷ್ಟ. 2019ರಲ್ಲಿ ಪ್ರಕಟವಾದ ಹರಿಯಾಣದ ರಾಖಿಗಢಿ ಅಧ್ಯಯನದಲ್ಲಿ 61 ಅಸ್ಥಿ ಮಾದರಿಗಳನ್ನು ಪರೀಕ್ಷಿಸಿದರೂ, ಓದಲು ಸಿಕ್ಕಿದ್ದು ಒಬ್ಬ ಮಹಿಳೆಯ ಡಿಎನ್‌ಎ ಮಾತ್ರ. ಬೆಳೆಗಳ ವಿಷಯವೂ ಸುಲಭವಲ್ಲ. ಹಾವೇರಿ ಜಿಲ್ಲೆಯ ಹಳ್ಳೂರು, ಬಳ್ಳಾರಿ ಬಳಿಯ ಸಂಗನಕಲ್ಲು ಮುಂತಾದ ನವಶಿಲಾಯುಗದ ನೆಲೆಗಳಲ್ಲಿ ಡೋರಿಯನ್ ಫುಲ್ಲರ್ ಮತ್ತು ಸಂಗಡಿಗರು ಹುರುಳಿ, ಹೆಸರು, ಕೊರಲೆಗಳನ್ನು ಗುರುತಿಸಿದ್ದಾರೆ. ಸುಮಾರು 3,500 ವರ್ಷ ಹಳೆಯ ಈ ಕಾಳುಗಳು ಉಳಿದದ್ದು ಬೆಂಕಿಯಲ್ಲಿ ಕರಕಲಾದದ್ದರಿಂದ. ಡಿಎನ್‌ಎ ಹಾಳಾಗುವುದೂ ಅದೇ ಬೆಂಕಿಯಿಂದ! ಆಕಾರ ನೋಡಿ ಹುರುಳಿ ಅನ್ನಬಹುದು. ಅದರ ತಳಿಯ ಗುಣ ತಿಳಿಯೋದು ಕಷ್ಟ.

ನಮ್ಮೂರಿಂದ ಹೈದರಾಬಾದಿಗೆ ಹೋಗುವ ದಾರಿಯಲ್ಲೇ ಇರುವ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯ ಮುಂದಾಳತ್ವದಲ್ಲಿ 2011ರಲ್ಲಿ ತೊಗರಿಯ ಜೀನೋಮ್ ಪ್ರಕಟವಾಯಿತು. ಅದನ್ನು ಓದಿದ್ದು ಜೀವಂತ ಗಿಡದಿಂದ. ಅಂದರೆ ನಮ್ಮ ಬೆಳೆಗಳ ವಂಶಾವಳಿ ಉಳಿದಿರೋದು ಉತ್ಖನನದ ಗುಂಡಿಗಿಂತ ಹೆಚ್ಚಾಗಿ ಬಿತ್ತನೆ ಬೀಜದಲ್ಲಿ. ಮೈಸೂರಿನವರಾದ ಪಿ. ವಿ. ಸತೀಶ್ ಮತ್ತು ಗೆಳೆಯರು 1983ರಲ್ಲಿ ಕಟ್ಟಿದ, ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳಲ್ಲಿ ದಲಿತ ಹೆಣ್ಣುಮಕ್ಕಳು ಬೂದಿ, ಬೇವಿನೆಲೆ ಬೆರೆಸಿ, ಮಣ್ಣು ಮೆತ್ತಿದ ಬುಟ್ಟಿಗಳಲ್ಲಿ ಈ ಬೀಜಗಳನ್ನು ಕಾಯುತ್ತಿದ್ದಾರೆ.

ಕುಲಾಂತರಿ ಪರ ಒಂದು ವಾದವಿದೆ: ರೈತರು ಸಾವಿರಾರು ವರ್ಷದಿಂದ ಬೆಳೆಗಳ ಗುಣ ಬದಲಾಯಿಸುತ್ತಲೇ ಬಂದಿದ್ದಾರೆ, ಬಿಟಿ ಅದರ ಮುಂದಿನ ಹೆಜ್ಜೆ ಅಷ್ಟೇ. ಅರ್ಧ ನಿಜ. ಆದರೆ ಆಯ್ದ ಬೀಜ ಅಂದು ರೈತರ ಕೈಲೇ ಇರುತ್ತಿತ್ತು. 2002ರಲ್ಲಿ ಅನುಮತಿ ಪಡೆದ ಬಿಟಿ ಹತ್ತಿ ಇಲ್ಲಿಗೆ ಬಂದದ್ದು ಹೈಬ್ರಿಡ್ ರೂಪದಲ್ಲಿ. ಉಳಿಸಿಟ್ಟು ಬಿತ್ತಿದರೆ ಗುಣ ಒಡೆಯುತ್ತದೆ, ವರ್ಷವರ್ಷ ಕೊಳ್ಳಲೇಬೇಕು. ಬ್ಯಾಕ್ಟೀರಿಯಾದ ಜೀನ್ ಗಿಡಕ್ಕೆ ಸೇರಿತು ಅನ್ನೋದಕ್ಕಿಂತ ಈ ಸರಪಳಿ ತುಂಡಾಗೋದು ನನಗೆ ದೊಡ್ಡ ಸಂಗತಿ. ಇದೇ ಸಂಘದ ಮಹಿಳೆಯರು ಕ್ಯಾಮೆರಾ ಹಿಡಿದು ವರಂಗಲ್ಲಿಗೆ ಹೋಗಿ ಬಿಟಿ ಹತ್ತಿ ಬೆಳೆಗಾರರ ಕಥೆಯನ್ನು ಚಿತ್ರೀಕರಿಸಿದ್ದಾರೆ. ಹತ್ತಿ ಅವರ ಮುಖ್ಯ ಬೆಳೆಯೇನಲ್ಲ, ಆದರೂ ಹೋದರು.

ಕೊನೆಗೆ ಭಾಷೆಯ ಮಾತು. ಹಳ್ಳೂರಿನ ವರದಿ ಓದುವಾಗ ನಾನೇ ತಪ್ಪಿದೆ. ಕನ್ನಡದ ಕೊರಲೆಯನ್ನು ನಮ್ಮ ಕಡೆಯ ತೆಲುಗಿನ ಕೊರ್ರಲು ಅಂದುಕೊಂಡೆ. ತೆಲುಗಿನಲ್ಲಿ ಕೊರ್ರಲು ಅಂದರೆ ನವಣೆ. ಕೊರಲೆಗೆ ಅಂಡು ಕೊರ್ರಲು ಅಂತಾರೆ. ಕಾಳು ಮುಂದಿಟ್ಟು ತೋರಿಸೋರು ಇದ್ದದ್ದರಿಂದ ತಪ್ಪು ಗೊತ್ತಾಯಿತು.